ಎತ್ತಿಗೆ ಒಡೆದ ಕಾಯಿ

ಉದ್ಯಾನದ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ಗಿಡಕ್ಕೆ ಎಷ್ಟು ಗೊಬ್ಬರ, ಯಾವ ತಿಂಗಳಲ್ಲಿ ಸವರುವುದು ಎಂದೆಲ್ಲ ಕೇಳುತ್ತಾರೆ. ಅದನ್ನು ಪುಸ್ತಕಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ನಾನು ಹೇಳುವುದು ಒಂದೇ ಮಾತು. ಉದ್ಯಾನದಲ್ಲಿ ಏನನ್ನು ಬೇಕಾದರೂ ನಿಲ್ಲಿಸಿ, ಆದರೆ ಅದರ ಮುಂದೆ ಕಾಯಿ ಒಡೆಯಬೇಡಿ. ಅವರು ನಗುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಆದರೆ ಆ ಮಾತಿನ ಹಿಂದೆ ನನ್ನದೊಂದು ತಪ್ಪಿದೆ. ಆ ತಪ್ಪಿನಿಂದಾಗಿ ಗಂಡ ಹೆಂಡತಿ ಇಬ್ಬರು ತಮ್ಮ ಕೈಯಾರೆ ಮಾಡಿದ ವಸ್ತುವನ್ನೇ ಮುಟ್ಟಲಾಗದೆ ದೂರ ನಿಲ್ಲಬೇಕಾಯಿತು. ಅದನ್ನು ಬರೆದಿಡಬೇಕೆಂದೇ ಈಗ ಕುಳಿತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ತೋಟಗಾರಿಕೆ ಸಹಾಯಕನಾಗಿದ್ದೆ. ಕಚೇರಿ ಬಿಜಾಪುರದಲ್ಲಿ, ಕೆಲಸ ಮಾತ್ರ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳಲ್ಲಿ. ಈ ನಾಲ್ಕೂ ಊರುಗಳಲ್ಲಿ ಒಂದೊಂದು ಸಣ್ಣ ಉದ್ಯಾನ ಆಗಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಉದ್ಯಾನವೆಂದರೆ ಮೈಸೂರಿನದನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಊರಿನಲ್ಲಿ ಯಾರಿಗೂ ಬೇಡವಾದ ಜಾಗ ಯಾವುದೋ ಅದು ನಮ್ಮ ಪಾಲಿಗೆ ಬರುತ್ತಿತ್ತು. ಇಂಡಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಮೂರು ಮೂಲೆಯ ತುಂಡು. ಸಿಂದಗಿಯಲ್ಲಿ ಸಂತೆಯ ಬಯಲಿನ ಅಂಚು. ಬಾಗೇವಾಡಿಯಲ್ಲಿ ನೀರು ಬತ್ತಿದ ಹಾಳು ಬಾವಿಯೊಂದರ ಸುತ್ತಲಿನ ಜಾಗ. ಮುದ್ದೇಬಿಹಾಳದಲ್ಲಂತೂ ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ತಗ್ಗು.

ಬಸ್ಸಿನ ಮೇಲೆ ಸಸಿಗಳ ಬುಟ್ಟಿ ಏರಿಸಿ, ಕತ್ತರಿ ಕುರ್ಪಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಊರೂರು ಸುತ್ತುತ್ತಿದ್ದೆ. ಈಗಿನಂತೆ ಹನಿ ನೀರಾವರಿಯ ಪೈಪುಗಳಿರಲಿಲ್ಲ. ಪ್ರತಿ ಸಸಿಯ ಪಕ್ಕದಲ್ಲಿ ತಳಕ್ಕೆ ತೂತು ಮಾಡಿದ ಹಳೆಯ ಗಡಿಗೆಯೊಂದನ್ನು ಹುಗಿದು, ತೂತಿಗೆ ಅರಿವೆಯ ಬತ್ತಿ ತುರುಕಿ, ವಾರಕ್ಕೆರಡು ಸಲ ನೀರು ತುಂಬಿಸುತ್ತಿದ್ದೆವು. ಹಳೆಯ ಗಡಿಗೆ ಬೇಡಿಕೊಂಡು ಮನೆಮನೆಗೆ ಹೋದರೆ ಹೆಂಗಸರು, “ಸರಕಾರಕ್ಕ ಒಂದು ಗಡಿಗಿಗೂ ಗತಿ ಇಲ್ಲೇನ್ರಿ?” ಎಂದು ನಗುತ್ತಿದ್ದರು. ನಗಿಸಿಕೊಂಡೇ ಗಡಿಗೆ ಹೊತ್ತು ತರುತ್ತಿದ್ದೆ. ಆ ಗಡಿಗೆಗಳ ಬುಡದಲ್ಲಿ ಬದುಕಿದಷ್ಟು ಸಸಿಗಳು ಆಮೇಲಿನ ಪೈಪುಗಳ ಕಾಲದಲ್ಲಿ ಬದುಕಿದ್ದನ್ನು ನಾನು ಕಾಣೆ.

ಇಂಡಿಯಲ್ಲಿ ಕಚೇರಿಯವರು ಕಳಿಸಿದ ಗುಲಾಬಿಗಳನ್ನೇ ನೆಟ್ಟೆ. ಗೆದ್ದಲು ತಿಂದು ಮುಗಿಸಿತು. ಬಸ್ಸಿಗೆ ಕಾಯುತ್ತಿದ್ದ ರೈತರೊಬ್ಬರು, “ಇಂಡ್ಯಾಗ ಲಿಂಬಿ ಬಿಟ್ಟು ಗುಲಾಬಿ ಹಚ್ಚೀರಲ್ರಿ, ಹಸದವಗ ಅತ್ತರ ಕೊಟ್ಟಂಗಾತು,” ಎಂದರು. ಮಾತು ಚುಚ್ಚಿತು, ಆದರೆ ನಿಜವಿತ್ತು. ನಿಂಬೆ ಗಿಡಗಳನ್ನೇ ಸಾಲಾಗಿ ನೆಟ್ಟೆ. ಆ ಊರಿನಲ್ಲಿ ನಿಂಬೆಯ ಬಗ್ಗೆ ಗೊತ್ತಿಲ್ಲದವರು ಯಾರಿದ್ದಾರೆ? ಹೋಗಿ ಬರುವವರೆಲ್ಲ ನಿಂತು ಒಂದು ಒಣ ಕಡ್ಡಿ ಮುರಿದು, ಒಂದು ಹುಳ ಹಿಸುಕಿ, ನನಗೆ ನಾಲ್ಕು ಮಾತು ಬುದ್ಧಿ ಹೇಳಿ ಹೋಗುತ್ತಿದ್ದರು. ಕಾವಲುಗಾರನೇ ಬೇಕಾಗಲಿಲ್ಲ.

ಅಲ್ಲಿ ನೀರಿನ ತೊಟ್ಟಿ ಕಟ್ಟಲು ಬಂದವನು ಯಮನಪ್ಪ. ನಿಡಗುಂದಿಯ ಹತ್ತಿರದ ಹಳ್ಳಿಯ ಗೌಂಡಿ. ಸಿಮೆಂಟು ಕಲಸಿ ಬುಟ್ಟಿ ಹೊರುತ್ತಿದ್ದವಳು ಅವನ ಹೆಂಡತಿ ದ್ಯಾಮವ್ವ. ಅವನದು ಮಾತು ಕಡಿಮೆ, ಇಬ್ಬರ ಮಾತನ್ನೂ ಅವಳೇ ಆಡುತ್ತಿದ್ದಳು. ತೊಟ್ಟಿ ಮುಗಿದ ಮರುದಿನ ಹೋಗಿ ನೋಡಿದರೆ ಅದರ ಅಂಚಿನ ಮೇಲೆ ಸಿಮೆಂಟಿನ ಆಮೆಯೊಂದು ಕತ್ತು ಚಾಚಿ ನೀರು ನೋಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಯಾರನ್ನ ಕೇಳಿ ಮಾಡ್ದೀ ಇದನ್ನ? ಸಿಮೆಂಟ್ ಏನು ನಿಮ್ಮಪ್ಪಂದೇನು?” ಎಂದು ಕೂಗಾಡಿದೆ.

ಯಮನಪ್ಪ ತಲೆ ತಗ್ಗಿಸಿ ನಿಂತ. ದ್ಯಾಮವ್ವ ಬುಟ್ಟಿ ಕೆಳಗಿಟ್ಟು, “ಕಲಸಿ ಉಳದದ್ರಿ ಸಾಹೇಬ್ರ. ಒಗದಿದ್ರ ಹೆಂಟಿಯಾಗಿ ಬೀಳತಿತ್ತು. ಈಗ ಆಮಿ ಆಗೇತಿ. ಇದರಾಗ ಸರಕಾರದ್ದೇನು ಹೋತು?” ಎಂದಳು.

ಅವನು ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಹೊರ್ತಿ ಕಡೆಯ ಹೊಲಮನೆಯುಳ್ಳ ಕುಟುಂಬದಲ್ಲಿ ಹುಟ್ಟಿದವನು, ಅವರದು ಊರ ಹೊರಗಿನ ಕೇರಿ. ಹಾಗೆ ಅವನ ಅಪ್ಪನನ್ನು ಎಳೆದು ಮಾತಾಡುವುದು ತಪ್ಪೆಂದು ಆಗ ನನಗೆ ಹೊಳೆಯಲೇ ಇಲ್ಲ. ಮುಂದಿನ ವಾರ ಹೋದಾಗ ಬಸ್ಸಿಗೆ ಕಾಯುವ ಮಕ್ಕಳು ಆ ಆಮೆಯ ಬೆನ್ನು ಸವರಲು ಸರದಿ ನಿಂತಿದ್ದವು. ನಾನು ನೆಟ್ಟ ಯಾವ ಗಿಡವನ್ನೂ ಯಾರೂ ಹಾಗೆ ಸವರಿರಲಿಲ್ಲ. ಅಂದಿನಿಂದ ಯಮನಪ್ಪನನ್ನು ಉಳಿದ ಮೂರೂ ಊರಿಗೆ ಕರೆದೊಯ್ದೆ.

ಸಿಂದಗಿಯ ಉದ್ಯಾನದಲ್ಲಿ ನಮ್ಮ ದೊಡ್ಡ ಸಾಹೇಬರಿಗೆ ಹುಲ್ಲುಹಾಸು ಬೇಕಾಗಿತ್ತು. ಅವರು ಮೈಸೂರು ಕಡೆಯವರು, ಮನುಷ್ಯ ಒಳ್ಳೆಯವರು, ಆದರೆ ಎರೆಮಣ್ಣು ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಮಳೆಯಲ್ಲಿ ಬೂಟು ಕಿತ್ತುಕೊಳ್ಳುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ನೆಲ ಅದು. ಮೂರು ಸಲ ಹುಲ್ಲು ಹಾಕಿದೆ, ಮೂರು ಸಲವೂ ಸತ್ತಿತು. ಸಾಹೇಬರು ಏಪ್ರಿಲಿನಲ್ಲಿ ತಪಾಸಣೆಗೆ ಬಂದರು.

“ಏನ್ರೀ ಇದು, ಹುಲ್ಲೆಲ್ಲಿ?” ಎಂದು ಬಗ್ಗಿ ನೋಡಿದಾಗ ಅವರ ಜೇಬಿನ ಶಾಯಿ ಪೆನ್ನು ಜಾರಿ ನೆಲದ ಬಿರುಕಿನೊಳಗೆ ಹೋಯಿತು. ಕಡ್ಡಿ ಹಾಕಿ ನೋಡಿದೆವು, ತಂತಿ ಹಾಕಿ ನೋಡಿದೆವು, ಸಿಗಲಿಲ್ಲ. ಸಾಹೇಬರು ಖಾಲಿ ಜೇಬು ತಡವಿಕೊಂಡು, “ಆಯ್ತು, ಹುಲ್ಲು ಬೇಡ ಬಿಡಿ,” ಎಂದರು. ನಾನು ಬರೆದ ಎಂಟು ಪತ್ರಗಳಿಂದ ಆಗದ್ದು ಒಂದು ಪೆನ್ನಿನಿಂದ ಆಯಿತು.

ಹುಲ್ಲಿನ ಬದಲು ಬನ್ನಿ ಮತ್ತು ಬೇವು ಹಚ್ಚಿ, ಅವುಗಳ ಕೆಳಗೆ ಕಲ್ಲಿನ ಚಪ್ಪಡಿಗಳನ್ನು ಹಾಸಿದೆವು. ಯಮನಪ್ಪ ಒಂದೊಂದು ಚಪ್ಪಡಿಯ ಮೇಲೆ ಒಂದೊಂದು ಆಟದ ಮನೆ ಕೊರೆದ. ಒಂದರ ಮೇಲೆ ಚೌಕಾಬಾರ, ಇನ್ನೊಂದರ ಮೇಲೆ ಹುಲಿ ಕುರಿ. ಸಂತೆಗೆ ಬಂದ ಹಿರಿಯರು ಹರಳು ಆರಿಸಿಕೊಂಡು ಕುಳಿತರೆ ಕೊನೆಯ ಬಸ್ಸಿನವರೆಗೂ ಏಳುತ್ತಿರಲಿಲ್ಲ. ಅವರ ತಲೆಯ ಮೇಲೆ ಗಿಳಿಗಳು ಬೇವಿನ ಹಣ್ಣು ತಿಂದು ಬೀಜ ಉದುರಿಸುತ್ತಿದ್ದವು. ಹರಳು ಕಳೆದುಹೋದರೆ ಆ ಬೀಜವನ್ನೇ ಕುರಿ ಮಾಡಿಕೊಂಡು ಆಡುತ್ತಿದ್ದರು.

ಬಾಗೇವಾಡಿಯ ಹಾಳು ಬಾವಿಯ ಗೋಡೆಯ ಮೇಲೆ ಯಮನಪ್ಪ ಸಿಮೆಂಟಿನಲ್ಲಿ ಬೇವಿನ ಮರವೊಂದನ್ನು ಉಬ್ಬಿಸಿ, ಅದರ ಕೊಂಬೆಗಳಿಗೆ ಗೀಜಗನ ಗೂಡುಗಳನ್ನು ತೂಗುಹಾಕಿದ. ನಾನು ಭೇಷ್ ಎಂದೆ. ಮಧ್ಯಾಹ್ನ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು ನೋಡಿದರು.

“ಚಲೋ ಮಾಡೀಯಪ್ಪಾ. ಆದ್ರ ಗೀಜಗ ಇಂಥಾ ಬೇವಿಗೆ ಗೂಡು ಕಟ್ಟೂದು ನಾ ಎಂದೂ ಕಂಡಿಲ್ಲ. ಮುಳ್ಳಿರೂ ಜಾಲಿ ನೋಡತೈತಿ, ಅದೂ ನೀರಿನ ಮ್ಯಾಲೆ ಬಾಗಿದ್ದು. ಹಾವು ಬರಬಾರದಲ್ಲ?” ಎಂದರು.

ನನಗೆ ಇಷ್ಟಕ್ಕೆಲ್ಲ ಯಾರು ಕೆಡವುತ್ತಾರೆ ಅನಿಸಿತು. ಯಮನಪ್ಪ ಮರುದಿನ ಬೆಳಿಗ್ಗೆ ಇಡೀ ಮರವನ್ನು ಉಳಿಯಿಂದ ಕೆತ್ತಿ ತೆಗೆದು ಜಾಲಿ ಮಾಡತೊಡಗಿದ. ಮೂರು ದಿನದ ಕೆಲಸ ಹಾಳಾಯಿತಲ್ಲ ಎಂದರೆ, “ಗೊತ್ತಿದ್ದವ್ರು ಬಂದು ನೋಡತಾರ್ರಿ,” ಎಂದಷ್ಟೇ ಹೇಳಿದ. ನೋಡುವವರಿಗೆ ಗೊತ್ತಿರುತ್ತದೆ ಎಂಬ ಅಂಜಿಕೆಯೇ ಒಳ್ಳೆಯ ಕೆಲಸದ ಬೇರು. ನಮ್ಮ ಕಚೇರಿಯಲ್ಲಿ ಆ ಅಂಜಿಕೆ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಇನ್ನು ಮುದ್ದೇಬಿಹಾಳದ ಮಾತು. ಕಲ್ಲು ತೆಗೆದ ಆ ತಗ್ಗು ತನಗೆ ತಾನೇ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಅಂಚಿನಲ್ಲಿ ಹಳೆಯ ಬೇವಿನ ಮರ, ಅದರ ಕೊಂಬೆಗಳು ತಗ್ಗಿನ ಮೇಲೆ ಚಾಚಿದ್ದವು. ಬಿಸಿಲು ಕಾಲದಲ್ಲೂ ತಳದಲ್ಲಿ ತಂಪು. ಮೆಟ್ಟಿಲುಗಳ ಸಂದಿಯಲ್ಲಿ ಮಣ್ಣು ತುಂಬಿ ಕಣಗಿಲೆ, ದಾಸವಾಳ ಹಚ್ಚಿದೆವು. ನಡುವೆ ಮಕ್ಕಳು ಹತ್ತಿ ಆಡುವಂಥ ದೊಡ್ಡದೊಂದು ಎತ್ತು ಆಗಲಿ ಎಂದು ನಾನೇ ಹೇಳಿದೆ.

ಯಮನಪ್ಪ ಬಹಳ ಹೊತ್ತು ಜಾಗ ನೋಡಿ, “ನಿಂತ ಎತ್ತು ಮಾಡೂನ್ರಿ ಸಾಹೇಬ್ರ. ಕುಂತದ್ದು ಬ್ಯಾಡ,” ಎಂದ.

“ನಿಂತದ್ದರ ಮ್ಯಾಲೆ ಸಣ್ಣ ಹುಡುಗರು ಹ್ಯಾಂಗ ಹತ್ತತಾವ? ಬಿದ್ದು ಹಲ್ಲು ಮುರಕೊಳ್ಳಲಿ ಅಂತೀಯೇನು?”

“ಕುಂತ ಎತ್ತಿಗೆ ಮಂದಿ ಕೈ ಮುಗೀತಾರ್ರಿ.”

“ಮುಗದ್ರ ಮುಗೀಲಿ ಬಿಡು,” ಎಂದೆ.

ಒಂದೂವರೆ ತಿಂಗಳು ಗಂಡ ಹೆಂಡತಿ ಅಲ್ಲೇ ಗುಡಿಸಲು ಹಾಕಿಕೊಂಡು ದುಡಿದರು. ಕಬ್ಬಿಣದ ಸಳಿ ಬಗ್ಗಿಸಿ ಮೈಕಟ್ಟು ಮಾಡಿ, ತಂತಿ ಸುತ್ತಿ, ಸಿಮೆಂಟು ಬಳಿದರು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ನೆರಿಗೆಗಳನ್ನು ಅವನು ಎಳೆದ. ಕಿವಿಗಳನ್ನು ದ್ಯಾಮವ್ವ ಮಾಡಿದಳು. ನೊಣ ಓಡಿಸಲು ಎತ್ತು ಒಂದು ಕಿವಿಯನ್ನಷ್ಟೇ ಹಿಂದಕ್ಕೆ ಹೊರಳಿಸುತ್ತದಲ್ಲ, ಹಾಗಿತ್ತು ಅದು. ಅವರ ಮನೆಯಲ್ಲಿ ಎಂದೂ ಸ್ವಂತ ಎತ್ತು ಇರಲಿಲ್ಲ. ಬೇರೆಯವರ ಎತ್ತುಗಳನ್ನು ಮೇಯಿಸಿಯೇ ಅವಳು ಬೆಳೆದಿದ್ದಳು.

ಉದ್ಯಾನ ತೆರೆಯುವ ದಿನ ಬೆಳಿಗ್ಗೆ ಮಾಲಿ ಲಾಲಸಾಬ ರೂಢಿಯಂತೆ ತೆಂಗಿನಕಾಯಿ ತಂದಿಟ್ಟಿದ್ದ. ನಮ್ಮ ಕಡೆ ಕಾಯಿ ಒಡೆಯದೆ ಯಾವ ಕೆಲಸ ಶುರುವಾಗುತ್ತದೆ? ನೀರೆತ್ತುವ ಹೊಸ ಪಂಪಿಗೆ ಒಡೆದಿದ್ದೆ, ಕಚೇರಿಯ ಹೊಸ ಸೈಕಲ್ಲಿಗೂ ಒಡೆದಿದ್ದೆ. ಗೌರವ ಕೊಟ್ಟಂತಾಗಲಿ ಎಂದು ಕಾಯಿಯನ್ನು ಯಮನಪ್ಪನ ಕೈಗೆ ಕೊಡಹೋದೆ. ಅವನು ಕೈ ಹಿಂದೆ ಕಟ್ಟಿಕೊಂಡ.

“ನಮ್ಮ ಮನ್ಯಾಗ ಕಾಯಿ ಒಡಿಯೂದು ಬಿಟ್ಟೇವ್ರಿ. ಬುದ್ಧಗ ಹೂವ ಇಡತೇವಿ, ಅಷ್ಟ,” ಎಂದ. ಮತ್ತೆ, “ನೀವೂ ಒಡೀಬ್ಯಾಡ್ರಿ ಸಾಹೇಬ್ರ. ಒಡದ್ರ ಇದು ಎತ್ತಾಗಿ ಉಳಿಯಾಂಗಿಲ್ಲ,” ಎಂದ.

ಇವನು ತನ್ನ ಧರ್ಮದ ಮಾತು ಹೇಳುತ್ತಿದ್ದಾನೆ ಎಂದುಕೊಂಡೆ. ಅವನು ಹೇಳಿದ್ದು ನಮ್ಮ ಧರ್ಮದ ಮಾತು ಎಂದು ತಿಳಿಯಲಿಲ್ಲ. ಎತ್ತಿನ ಹಣೆಗೆ ಕುಂಕುಮ ಹಚ್ಚಿ, ಕಾಲಿನ ಬಳಿ ಕಾಯಿ ಒಡೆದು, ನೀರು ಬಿಟ್ಟೆ. ನೆರೆದವರು ಕೈ ಮುಗಿದರು.

ಎಂಟು ದಿನ ಮಕ್ಕಳು ಅದರ ಮೇಲೆ ಹತ್ತಿ ಕುಣಿದವು. ಮುಂದಿನ ಸೋಮವಾರ ಯಾರೋ ಎರಡು ದಾಸವಾಳ ಇಟ್ಟು ಹೋಗಿದ್ದರು. ಆಮೇಲೆ ಒಂದು ಸಣ್ಣ ಕಟ್ಟೆ, ಅದರ ಮೇಲೊಂದು ಹಣತೆ ಬಂತು. ಆಮೇಲೆ ಎಣ್ಣೆ ಸುರಿದು ಸುರಿದು ಎತ್ತಿನ ಬೆನ್ನು ಕಪ್ಪಾಯಿತು. ಶಂಕ್ರಪ್ಪ ಮುತ್ಯಾ ಎಂಬ ಹಿರಿಯರು ದಿನಾ ಮುಂಜಾನೆ ಕೊಡ ನೀರು ತಂದು ಅದನ್ನು ತೊಳೆಯತೊಡಗಿದರು. ಹೆಂಡತಿ ತೀರಿಕೊಂಡಿದ್ದರು, ಹೊಲ ಮಕ್ಕಳ ಕೈಯಲ್ಲಿತ್ತು, ಬೆಳಗಾದರೆ ಹೋಗಲು ಅವರಿಗೊಂದು ಜಾಗ ಬೇಕಾಗಿತ್ತು. ಮಕ್ಕಳು ಹತ್ತಲು ಬಂದರೆ, “ದೇವರ ಮ್ಯಾಲೆ ಕುಂದರಬಾರದವ್ವಾ,” ಎಂದು ಮೆಲ್ಲಗೆ ಇಳಿಸುತ್ತಿದ್ದರು. ಸುತ್ತಲೂ ಗುಂಡುಕಲ್ಲುಗಳ ಸಾಲೊಂದು ಎದ್ದಿತು. ಬದಿಯಲ್ಲಿ “ಚಪ್ಪಲಿ ಬಿಟ್ಟು ಬರ್ರಿ” ಎಂಬ ತಗಡಿನ ಫಲಕವೂ ಬಂತು. ಇದನ್ನೆಲ್ಲ ನಾನು ವಾರವಾರ ನೋಡುತ್ತಲೇ ಇದ್ದೆ. ಮಂದಿ ಉದ್ಯಾನಕ್ಕೆ ಬರುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತಲೂ ಇದ್ದೆ.

ಒಂದು ಸಂತೆಯ ದಿನ ಯಮನಪ್ಪ ಮತ್ತು ದ್ಯಾಮವ್ವ ತಮ್ಮ ಎತ್ತು ನೋಡಲು ಬಂದರು. ಕಲ್ಲಿನ ಸಾಲು ದಾಟಲು ಅವಳು ಕಾಲೆತ್ತಿದ್ದಳು. ಪೂಜೆಗೆ ಬಂದಿದ್ದವರಲ್ಲಿ ಒಬ್ಬರು, “ಯಾರ ಪೈಕಿ ನೀವು?” ಎಂದರು. ಯಮನಪ್ಪ ತನ್ನ ಊರು, ಕೇರಿ ಹೇಳಿದ. “ಹಂಗಾರ ಅಲ್ಲೇ ನಿಂದರ್ರಿ. ಅಲ್ಲಿಂದನ ಕೈ ಮುಗೀರಿ,” ಎಂದರು.

ನಾನು ಹತ್ತು ಮಾರು ದೂರದಲ್ಲಿ ಕಣಗಿಲೆ ಸವರುತ್ತಿದ್ದೆ. ಎಲ್ಲವೂ ಕೇಳಿಸಿತು. ಇದನ್ನು ಮಾಡಿದವರೇ ಇವರು ಎಂದು ಹೇಳಲು ಒಂದು ಮಾತು ಸಾಕಾಗಿತ್ತು. ನನಗೆ ಬಾಯಿ ಬರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾಚಿಕೆಯಿಂದ ನೆನೆಯುವ ಗಳಿಗೆ ಅದು. ಯಮನಪ್ಪ ತಿರುಗಿ ಮೆಟ್ಟಿಲು ಹತ್ತಿ ಹೋದ. ದ್ಯಾಮವ್ವ ನೇರವಾಗಿ ನನ್ನ ಹತ್ತಿರ ಬಂದಳು.

“ಅದರ ಕಿವಿ ನಾ ತೀಡೇನ್ರಿ ಸಾಹೇಬ್ರ, ಈ ಕೈಲೆ. ಈಗ ಹತ್ರ ಬರಬ್ಯಾಡ ಅಂತಾರ,” ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. “ಕಾಯಿ ಒಡದು ಇದನ್ನ ದೇವರ ಮಾಡಿದವ್ರು ನೀವು. ಮತ್ತ ಎತ್ತ ಮಾಡಿಕೊಡ್ರಿ.”

ಅಂದು ರಾತ್ರಿಯೇ ದೊಡ್ಡ ಸಾಹೇಬರಿಗೆ ಪತ್ರ ಬರೆದೆ, ಇದು ಮಕ್ಕಳ ಉದ್ಯಾನ, ಪೂಜೆ ನಿಲ್ಲಿಸಬೇಕು ಎಂದು. ಉತ್ತರ ಬರಲಿಲ್ಲ. ಖುದ್ದಾಗಿ ಹೋಗಿ ನಿಂತೆ. “ನೋಡ್ರೀ, ದೇವರ ವಿಷಯಕ್ಕೆ ಕೈ ಹಾಕ್ಬೇಡಿ. ಮಕ್ಕಳಿಗೆ ಬೇಕಿದ್ರೆ ಪಕ್ಕದಲ್ಲಿ ಇನ್ನೊಂದು ಪ್ರಾಣಿ ಮಾಡ್ಸಿ,” ಎಂದರು. ಅಷ್ಟರಲ್ಲಿ ಊರಿನ ಕೆಲವರು ಸೇರಿ, ಶ್ರಾವಣದ ಮೊದಲ ಸೋಮವಾರ ಪ್ರತಿಷ್ಠಾಪನೆ ಮಾಡಿ ಮೇಲೆ ಮಾಳಿಗೆ ಹಾಕುವುದೆಂದು ಮಾತಾಡಿಕೊಂಡಿದ್ದರು. ಒಮ್ಮೆ ಪ್ರತಿಷ್ಠಾಪನೆ ಆಯಿತೆಂದರೆ ಮುಗಿಯಿತು. ಆಮೇಲೆ ಯಾರ ಕೈಯಿಂದಲೂ ಅದು ಎತ್ತಾಗುವ ಹಾಗಿರಲಿಲ್ಲ. ಮೂರು ವಾರ ಉಳಿದಿತ್ತು.

ದಾರಿ ತೋರಿಸಿದವರು ಸ್ವತಃ ಶಂಕ್ರಪ್ಪ ಮುತ್ಯಾ. ಆಷಾಢದ ಗಾಳಿ ಜೋರಾಗಿ ಬೀಸುತ್ತಿತ್ತು. ಅವರು ಬೇವಿನ ಕೊಂಬೆಗಳನ್ನು ತೋರಿಸಿ, “ಸಾಹೇಬ್ರ, ಆ ಎರಡು ಟೊಂಗಿ ಒಣಗ್ಯಾವ, ಕಡಸಿ ಬಿಡ್ರಿ. ಮುರದು ಬಿದ್ದು ದೇವರು ಭಿನ್ನ ಆತಂದ್ರ ಪೂಜಿ ನಿಂತು ಹೋಗತೈತಿ. ಒಡದ ಮೂರ್ತಿಗೆ ಹೂವ ಏರಿಸಾಕ ಬರೂದಿಲ್ಲ,” ಎಂದರು.

ಅದೇ ವಾರ ಯಮನಪ್ಪನ ಹಳ್ಳಿಗೆ ಹೋದೆ. ಅವನ ಮನೆಯ ಕಟ್ಟೆಯ ಮೇಲೆ ನಾನು ಕುಳಿತದ್ದು ಅದೇ ಮೊದಲು. ಎತ್ತನ್ನು ಭಿನ್ನ ಮಾಡಬೇಕು, ನೀನು ಒಪ್ಪಿದರೆ ಮಾತ್ರ ಎಂದೆ. ಅವನು ಅಂಗೈಗೆ ಅಂಟಿದ್ದ ಒಣ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದ. ಒಳಗಿನಿಂದ ದ್ಯಾಮವ್ವ, “ಕಿವಿ ಮಾತ್ರ ಮುಟ್ಟಬ್ಯಾಡ್ರಿ,” ಎಂದಳು.

“ಎಡಗೋಡು ಮುರೀರಿ,” ಎಂದ ಯಮನಪ್ಪ ಕೊನೆಗೆ. “ಬಲಗೋಡಿನ ಸಳಿ ಕುತ್ತಿಗಿ ತನಕ ಹೋಗೇತಿ, ಅದಕ್ಕ ಪೆಟ್ಟು ಬಿದ್ರ ತಲಿನ ಬಿರೀತೈತಿ. ಎಡಗೋಡಿನ್ಯಾಗ ಬರೇ ತಂತಿ ಐತ್ರಿ.” ಇಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದವನು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಟೊಂಗೆ ಕಡಿಯುವ ದಿನ ಲಾಲಸಾಬನನ್ನು ಬೇಕೆಂದೇ ಇಂಡಿಗೆ ಕಳಿಸಿದೆ. ಅಲ್ಲಿ ನಿಂಬೆಗೆ ಹುಳ ಬಿದ್ದಿದೆ ಎಂದು ಸುಳ್ಳು ಹೇಳಿದೆ. ಊರಿನವರು ದೇವರೆಂದು ನಂಬಿದ್ದು ಮುರಿಯುವ ಹೊತ್ತಿನಲ್ಲಿ ಆ ಬಡಪಾಯಿಯಾಗಲಿ ಯಮನಪ್ಪನಾಗಲಿ ಹತ್ತಿರ ಸುಳಿದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಬೈಗುಳ ಬಂದರೆ ನನಗೇ ಬರಬೇಕಿತ್ತು, ಕಾಯಿ ಒಡೆದವನು ನಾನೇ.

ಗರಗಸ ಹಿಡಿದು ನಾನೇ ಮರ ಹತ್ತಿದೆ. ಭಾರದ ಟೊಂಗೆ ಕಡಿಯುವಾಗ ಮೊದಲು ಹಗ್ಗ ಕಟ್ಟಿ ಮೇಲಿನ ಕವಲಿಗೆ ಹಾಕಬೇಕು, ಕೆಳಗಿನಿಂದ ಒಂದು ಕಚ್ಚು ಹಾಕಬೇಕು, ಆಮೇಲೆ ಮೇಲಿನಿಂದ ಕೊಯ್ಯಬೇಕು, ಕಡಿದದ್ದನ್ನು ಮೆಲ್ಲಗೆ ಇಳಿಸಬೇಕು. ಎಲ್ಲ ಮಾಲಿಗಳಿಗೂ ನಾನು ಕಲಿಸಿದ್ದು ಇದನ್ನೇ. ಅಂದು ಹಗ್ಗ ನನ್ನ ಸೊಂಟದಲ್ಲೇ ಉಳಿಯಿತು. ಮೊದಲ ಟೊಂಗೆ ಒಂದು ಮಾರು ಆಚೆ ಬಿದ್ದು ಹಣತೆಯ ಕಟ್ಟೆ ಒಡೆಯಿತು. ಕೆಳಗಿನಿಂದ ಮುತ್ಯಾ, “ಹಗೂರ ಸಾಹೇಬ್ರ, ಹಗೂರ!” ಎಂದು ಕೂಗಿದರು. ಉಳಿದದ್ದು ಒಂದೇ ಟೊಂಗೆ. ಗಾಳಿ ನಿಲ್ಲುವುದನ್ನು ಕಾದು ಕೊಯ್ದೆ. ಅದು ಸೀದಾ ಎತ್ತಿನ ಎಡಗೋಡಿನ ಮೇಲೆ ಬಿತ್ತು. ಕೋಡು ಬುಡದಲ್ಲಿ ಮುರಿದು ಮೂರು ಮೆಟ್ಟಿಲು ಉರುಳಿ ನಿಂತಿತು. ಕಿವಿಗೆ ಏನೂ ಆಗಿರಲಿಲ್ಲ.

ಕೆಳಗಿಳಿದು ಬಂದಾಗ ಮುತ್ಯಾ ಕೋಡನ್ನು ಉಡಿಯಲ್ಲಿಟ್ಟುಕೊಂಡು ಕುಳಿತಿದ್ದರು. ಅವರೂ ರೈತರು, ಜೀವಮಾನವಿಡೀ ಟೊಂಗೆ ಕಡಿದವರು.

“ಹಗ್ಗ ಯಾಕ ಕಟ್ಟಲಿಲ್ರಿ?” ಎಂದರು.

“ಹಗ್ಗ ಹಳೇದಾಗಿ ಲಡ್ಡಾಗಿತ್ತು ಮುತ್ಯಾ,” ಎಂದೆ.

ಅವರು ನನ್ನ ಸೊಂಟದಲ್ಲಿದ್ದ ಹೊಸ ಹಗ್ಗವನ್ನು ನೋಡಿದರು. ನನ್ನ ಮುಖ ನೋಡಲಿಲ್ಲ. ಆ ಮನುಷ್ಯನಿಗೆ ನಾನು ಮಾಡಿದ್ದು ಸರಿ ಎಂದು ಇವತ್ತಿಗೂ ಹೇಳಲಾರೆ. ಅವರು ಯಾರನ್ನೂ ದೂರ ನಿಲ್ಲಿಸಿರಲಿಲ್ಲ, ಹಾಗೆ ನಿಲ್ಲಿಸಿದವರನ್ನು ತಡೆದಿರಲೂ ಇಲ್ಲ. ಅಷ್ಟರಮಟ್ಟಿಗೆ ನಾವಿಬ್ಬರೂ ಒಂದೇ.

ಊರಿನವರು ಬಂದರು, ನೋಡಿದರು, ಲೊಚಗುಟ್ಟಿದರು. ಕೆಲವರು ನನ್ನನ್ನು ಬೈದರು. ದೊಡ್ಡ ಸಾಹೇಬರಿಂದ ಕಾರಣ ಕೇಳಿ ಪತ್ರ ಬಂತು, ನಿರ್ಲಕ್ಷ್ಯವೆಂದು ಒಪ್ಪಿ ಬರೆದುಕೊಟ್ಟೆ. ಪ್ರತಿಷ್ಠಾಪನೆಯ ಮಾತು ನಿಂತಿತು. ಫಲಕ ಯಾರ ಕೊಟ್ಟಿಗೆಗೋ ಹೋಯಿತು. ಗುಂಡುಕಲ್ಲುಗಳು ಒಂದೊಂದಾಗಿ ಒಲೆಗಳಿಗೆ ಹೋದವು. ಹದಿನೈದು ದಿನದಲ್ಲಿ ಎತ್ತಿನ ಬೆನ್ನ ಮೇಲೆ ಒಂದು ಮಗು ಕಾಣಿಸಿತು, ಮರುದಿನ ಐದು. ಮುತ್ಯಾ ಮಾತ್ರ ಮುಂಜಾನೆ ಕೊಡ ಹೊತ್ತು ಬರುವುದನ್ನು ಬಿಡಲಿಲ್ಲ. ನೀರನ್ನು ಕಣಗಿಲೆಗಳಿಗೆ ಹಾಕಿ ಹೋಗುತ್ತಿದ್ದರು. ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಯಮನಪ್ಪನಿಗೆ ಹೇಳಿ ಕಳಿಸಿದೆ. ಗಂಡ ಹೆಂಡತಿ ಇಬ್ಬರೂ ಬಂದರು. ನಾನು ಒಂದು ಚೀಲದಲ್ಲಿ ಸಿಮೆಂಟು, ಹೊಸ ಸಳಿ ತಂದಿಟ್ಟುಕೊಂಡಿದ್ದೆ. ದ್ಯಾಮವ್ವ ಮೆಟ್ಟಿಲಿಳಿದು ಸೀದಾ ಎತ್ತಿನ ಹತ್ತಿರ ಹೋಗಿ, ಮೇಲೆ ಕುಳಿತಿದ್ದ ಮಕ್ಕಳನ್ನು ಸರಿಸಿ ಅದರ ಕಿವಿ ಹಿಡಿದು ನೋಡಿದಳು. ಯಾರೂ ಏನೂ ಅನ್ನಲಿಲ್ಲ.

“ಯಮನಪ್ಪನವರ, ಎಲ್ಲಾ ಸಾಮಾನು ತಂದೇನಿ. ಕೋಡು ಮತ್ತ ಹಚ್ಚಿ ಬಿಡ್ರಿ. ನಿಮ್ಮ ಕೆಲಸ ಕುಂದಾಗಿ ನಿಂದರಬಾರದು,” ಎಂದೆ.

ಅವನು ಹಿಡಿಯಷ್ಟು ಸಿಮೆಂಟು ಕಲಸಿದ. ಸಳಿ ಮುಟ್ಟಲಿಲ್ಲ. ಮುರಿದ ಬುಡದಲ್ಲಿ ಚಾಚಿದ್ದ ತಂತಿಯ ತುದಿಗಳನ್ನು ಒಳಗೆ ಮಡಚಿ, ಮಕ್ಕಳಿಗೆ ತರಚದಂತೆ ಮೇಲೆ ತೆಳ್ಳಗೆ ಬಳಿದು, ಹೆಬ್ಬೆರಳಿನಿಂದ ನುಣ್ಣಗೆ ತಿಕ್ಕಿದ. ಅಷ್ಟು ಮಾಡಿ ಕೈ ತೊಳೆದುಕೊಂಡ. ಕೋಡು ಎಲ್ಲಿ ಎಂಬಂತೆ ನಾನು ನೋಡುತ್ತಿದ್ದೆ. ಉತ್ತರ ಕೊಟ್ಟವಳು ದ್ಯಾಮವ್ವ.

“ಬ್ಯಾಡ್ರಿ ಸಾಹೇಬ್ರ. ಕೋಡು ಹಚ್ಚಿದ್ರ ಮತ್ತ ದೇವರಾಗತೈತಿ. ದೇವರಾದ್ರ ನಮ್ಮನ್ನ ಹೊರಗ ನಿಂದರಸ್ತಾರ. ಎತ್ತಿನ ಹತ್ರ ಯಾರ ಬೇಕಾದ್ರೂ ಬರಬಹುದು.”